ಕೊಬ್ಬಿಲ್ಲದ ಕೊಳವೆ

ಸಂಶೋಧನಾ ವಿದ್ಯಾರ್ಥಿನಿ ವೆನಿಂಗ್ ತೋರಿಸಿದ ಚಿತ್ರದಲ್ಲಿ ಐದೇ ಕೊಳವೆಗಳ ಫಲಿತಾಂಶವಿತ್ತು. ಅವಳ ಹುಡುಕಾಟ ಇಷ್ಟು: ಪ್ರೋಟೀನಿನ ಒಂದು ತುಣುಕು ಜೀವಕೋಶದ ಪೊರೆಯಲ್ಲಿರುವ ಕೊಬ್ಬನ್ನು ಹಿಡಿಯುತ್ತದೆಯೇ? ಕೊಬ್ಬಿನ ಸಣ್ಣ ಗುಳ್ಳೆಗಳ ಜೊತೆ ಬೆರೆಸಿ ಯಂತ್ರದಲ್ಲಿ ಗಿರಗಿರ ತಿರುಗಿಸಿದರೆ, ಹಿಡಿದುಕೊಂಡದ್ದು ಕೊಬ್ಬಿನೊಡನೆ ತಳ ಸೇರುತ್ತದೆ. ಹಿಡಿಯದ್ದು ನೀರಲ್ಲೇ ಉಳಿಯುತ್ತದೆ. ಆರನೆಯ ಕೊಳವೆಗೆ ಕೊಬ್ಬು ಹಾಕುವುದಿಲ್ಲ. ಅದರಲ್ಲಿ ಪ್ರೋಟೀನು ನೀರಲ್ಲೇ ಉಳಿದರೆ, ಉಳಿದವುಗಳಲ್ಲಿ ಅದನ್ನು ತಳಕ್ಕೆಳೆದದ್ದು ಕೊಬ್ಬೇ ಎಂಬುದಕ್ಕೆ ಅದೇ ಸಾಕ್ಷಿ.

ಜಾವಾದ ಯೋಗ್ಯಕರ್ತ ನಗರದ ಈ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಕೊಳವೆ ತೊಳೆಯುವವನು ನಾನು. ಅಮ್ಮ ಹಾಡುತ್ತಿದ್ದ ಜಾವಾ ಪದ್ಯಗಳಲ್ಲಿ ಒಂದು ಸಾಲು ಬಿಟ್ಟುಹೋದರೂ ನನ್ನ ಕಿವಿ ನಿಮಿರುತ್ತಿತ್ತು. ಈಗಲೂ ಹಾಗೇ ಆಯಿತು.

"ಆರನೇದು ಎಲ್ಲಮ್ಮಾ?"

"ಚೆಲ್ಲೋಯ್ತು, ಪಾಕ್ ಸರ್ಜು." ಹಿರಿಯರನ್ನು ನಮ್ಮಲ್ಲಿ 'ಪಾಕ್' ಎಂದೇ ಕರೆಯುವುದು.

"ಮೂರು ಸಲ ಮಾಡಿದೀಯ, ಮೂರು ಸಲಾನೂ ಚೆಲ್ತಾ?"

"ನೀವೇನು ಪೊಲೀಸಾ? ಚಾ ತಣ್ಣಗಾಗ್ತಿದೆ, ಕುಡೀರಿ." ನಗುತ್ತಲೇ ಚಿತ್ರವನ್ನು ಕಡತದೊಳಗೆ ತಳ್ಳಿದಳು.

ಸೋಮವಾರ ಅವಳ ಪದವಿಯ ಪರೀಕ್ಷೆ. ಶುಕ್ರವಾರದ ನಮಾಜಿನಲ್ಲೂ ನನಗೆ ಆ ಆರನೆಯದೇ ಚಿಂತೆ. ಹಿಂತಿರುಗಿ ಬಂದವನೇ ಕಸದ ಬುಟ್ಟಿಗೆ ಕೈ ಹಾಕಿದೆ. ಚಿತ್ರದಿಂದ ಕತ್ತರಿಸಿ ಎಸೆದ ಚೂರು ಸಿಕ್ಕಿತು: ಕೊಬ್ಬೇ ಇಲ್ಲದ ಕೊಳವೆಯ ತಳದಲ್ಲೂ ಪ್ರೋಟೀನಿನ ನೀಲಿ ಗೆರೆ!

ಅವಳ ಮುಂದಿಟ್ಟೆ.

"ಬುಟ್ಟಿ ಕೆದಕಿದ್ರಾ?"

"ಕೆದಕಿದೆ. ಸುಳ್ಯಾಕೆ ಹೇಳಿದೆ?"

"ಇದನ್ನ ನೋಡಿದ್ರೆ ಪರೀಕ್ಷಕರು, ಪ್ರೋಟೀನು ತಾನಾಗೇ ಗಂಟುಕಟ್ಟಿ ಬೀಳತ್ತೆ, ಏನನ್ನೂ ಹಿಡಿಯಲ್ಲ ಅಂತಾರೆ. ನನ್ನ ನಾಲ್ಕು ವರ್ಷ ಹೋಯ್ತಲ್ಲ, ಪಾಕ್! ಯಾರೋ ಆ ಕೊಳವೆ ಮುಟ್ಟಿದಾರೆ ಅಂತ ನಂಗೆ ಅನುಮಾನ."

"ಯಾರು ಮುಟ್ತಾರೆ? ತೊಳೆಯೋನು ನಾನೊಬ್ಬ."

ಆಡಿದ ಮಾತು ನನ್ನ ಕಿವಿಗೇ ಚುಚ್ಚಿತು.

ಒಮ್ಮೆ ಬಳಸಿ ಎಸೆಯುವ ಕೊಳವೆಗಳನ್ನು ನಾವು ತೊಳೆದು ತೊಳೆದು ಹತ್ತು ಸಲ ಬಳಸುತ್ತೇವೆ. ನಮಾಜಿಗೆ ಕೈಕಾಲು ತೊಳೆಯುವಷ್ಟೇ ಶ್ರದ್ಧೆಯಿಂದ, ಬಿಸ್ಮಿಲ್ಲಾ ಹೇಳಿ ತೊಳೆಯುತ್ತೇನೆ. ಆದರೆ ಜಿಡ್ಡು ತೆಗೆಯುವ ಸ್ಪಿರಿಟ್ ಮುಗಿದು ಮೂರು ತಿಂಗಳಾಗಿತ್ತು. ಬರೀ ಸೋಪಿನ ನೀರು. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಳಗೆ, ತೆಂಗಿನಹಾಲಿನ ಸಾರು ಉಂಡ ಬಟ್ಟಲಿನಲ್ಲಿ ಉಳಿಯುವಂಥ ಜಿಡ್ಡಿನ ಮಬ್ಬು. ಕೊಬ್ಬು ಹಾಕದ ಕೊಳವೆಯಲ್ಲೂ ಹಿಂದಿನ ಸಲದ ಕೊಬ್ಬು ಕೂತಿತ್ತು.

ಬೀರುವಿನ ಮೂಲೆಯಲ್ಲಿ ಒಡೆಯದ ಪೊಟ್ಟಣವೊಂದಿತ್ತು. ಎರಡು ಹೊಸ ಕೊಳವೆ ಕೊಟ್ಟೆ. "ಒಂದಕ್ಕೆ ಕೊಬ್ಬು ಹಾಕು, ಇನ್ನೊಂದಕ್ಕೆ ಬೇಡ."

ಅವಳು ಅವನ್ನೂ ಬೆಳಕಿಗೆ ಹಿಡಿದು ನೋಡಿದಳು. ನಾನು ಬೇಸರಿಸಲಿಲ್ಲ.

ಸಂಜೆಯ ಆಜಾನ್ ಕೇಳುವ ಹೊತ್ತಿಗೆ ಗೆರೆಗಳು ಮೂಡಿದವು. ಕೊಬ್ಬಿದ್ದಲ್ಲಿ ಪ್ರೋಟೀನು ತಳದಲ್ಲಿ. ಇಲ್ಲದ ಕಡೆ ಪೂರ್ತಿ ನೀರಲ್ಲೇ. ವೆನಿಂಗ್ ಎರಡನ್ನೂ ಮತ್ತೊಮ್ಮೆ ಹೋಲಿಸಿ ನೋಡಿದಳು. ಆಮೇಲೆ ಕಸದ ಚೂರನ್ನು ನೀವಿ ಕಡತಕ್ಕೆ ಅಂಟಿಸಿದಳು.

"ಯಾಕೆ ಹೀಗಾಯ್ತು ಅಂತಲೂ ಬರೀಬೇಕಲ್ಲ, ಪಾಕ್?"

"ಬರಿ. ಪ್ರೊಫೆಸರಿಗೆ ನಾನೇ ಹೇಳ್ತೀನಿ. ಈ ಮೂರು ತಿಂಗಳು ಎಲ್ಲರೂ ಬಳಸಿದ್ದು ನಾನು ತೊಳೆದ ಕೊಳವೇನೇ."