ತುಂಡು ಗೆರೆ

"ಈ ಗೆರೆ ಯಾಕಮ್ಮ ತುಂಡು ತುಂಡಾಗಿದೆ?" ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ ಶಿಷ್ಯೆಯ ಪ್ರಬಂಧದ ಕರಡಿನ ಮೇಲೆ ಬೆರಳಿಟ್ಟರು.

ಕೆರಳಿದ ನ್ಯೂಕ್ಲಿಯಸ್ಸಿನ ಶಕ್ತಿಮಟ್ಟಗಳನ್ನು ಏಣಿಯ ಮೆಟ್ಟಿಲಿನಂತೆ ಗೆರೆ ಎಳೆದು ತೋರಿಸುವುದು ಪರಮಾಣು ವಿಜ್ಞಾನಿಗಳ ಕಸುಬಿನ ರೂಢಿ. ಖಾತ್ರಿಯಿದ್ದರೆ ಇಡೀ ಗೆರೆ, ಅನುಮಾನವಿದ್ದರೆ ತುಂಡು ಗೆರೆ. ಅವಳು ತುಂಡು ಗೆರೆಯಾಗಿ ಎಳೆದಿದ್ದ ಮೂರನೆಯ ಮೆಟ್ಟಿಲನ್ನು ಕಂಡುಹಿಡಿದವರು ಮೇಷ್ಟ್ರೇ, ಮೂವತ್ತು ವರ್ಷಗಳ ಹಿಂದೆ. ಜಗತ್ತು ಅವರನ್ನು ಗುರುತಿಸುತ್ತಿದ್ದುದು ಅಷ್ಟರಿಂದಲೇ. ನಕ್ಷತ್ರ ಸಿಡಿಯುವಾಗ ಯಾವ ಧಾತು ಎಷ್ಟು ಹುಟ್ಟುತ್ತದೆಂದು ಲೆಕ್ಕ ಹಾಕುವವರೆಲ್ಲ ಅದನ್ನೇ ನಂಬಿದ್ದರು. ಬರುವ ವಾರ ಅವರ ನಿವೃತ್ತಿ.

"ಆ ಮಟ್ಟದ ಕಿರಣಗಳ ಎಣಿಕೆ ಸ್ವಲ್ಪ ಕಮ್ಮಿ ಬಂತು, ಸರ್. ಅದಕ್ಕೇ..."

"ಕಮ್ಮಿ ಬಂತೋ, ಬರಲೇ ಇಲ್ವೋ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಅವಳ ಪಾಡು. ಮೇಷ್ಟ್ರು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು, "ತೋರಿಸು," ಎಂದರು.

ಪರದೆಯ ಮೇಲೆ, ಗಾಮಾ ಕಿರಣಗಳ ಎಣಿಕೆಯ ನಕ್ಷೆಯಲ್ಲಿ, ಮೂರನೆಯ ಮೆಟ್ಟಿಲಿಗೆ ಸಾಕ್ಷಿಯಾದ ಅವರ ಶಿಖರ ನೆಟ್ಟಗೆ ನಿಂತಿತ್ತು. ಅವಳ ಪ್ರಯೋಗದಲ್ಲಿ ನ್ಯೂಕ್ಲಿಯಸ್ಸು ಬೆಳಕಿನ ವೇಗದ ಮೂರನೇ ಒಂದು ಪಾಲಿನಷ್ಟು ಜೋರಾಗಿ ಓಡುತ್ತಲೇ ಕಿರಣ ಬಿಡುತ್ತದೆ. ಆ ಓಟವನ್ನು ಲೆಕ್ಕಕ್ಕೆ ಹಿಡಿದರೆ ಅದರ ಶಿಖರ ಚೂಪಾಗಬೇಕು. ಪ್ರಯೋಗಶಾಲೆಯ ಕದಲದ ಗೋಡೆಯಿಂದ ಬಂದ ಕಿರಣದ್ದಾದರೆ ಚದುರಬೇಕು. ಅವಳು ಓಟದ ಲೆಕ್ಕ ಸೇರಿಸುವ ಗುಂಡಿ ಒತ್ತಿದಳು. ಅಕ್ಕಪಕ್ಕದಲ್ಲಿ ಎರಡು ಶಿಖರಗಳು ಚೂಪಾಗಿ ಎದ್ದವು. ಮೇಷ್ಟ್ರದ್ದು ಒಲೆಯಿಂದ ಇಳಿಸಿದ ಹಾಲಿನ ಹಾಗೆ ಕುಸಿಯಿತು.

"ಗೋಡೆಯಲ್ಲಿರೋ ಪೊಟ್ಯಾಸಿಯಂನ ಕಿರಣ," ಎಂದರು ಮೇಷ್ಟ್ರು ಸಣ್ಣಗೆ. "ಗೋಡೆದೂ ಅದೇ ಜಾಗದಲ್ಲಿ ಬರುತ್ತೆ ಅಂತ ಗೊತ್ತಿತ್ತು ಕಣಮ್ಮ. ಅದನ್ನ ಕಳೆದ ಮೇಲೂ ಇಷ್ಟು ಉಳಿಯುತ್ತೆ ಅಂತ ವಾದ ಮಾಡಿ ಗೆದ್ದಿದ್ದೆ. ನನ್ನ ಬಾಯಿ ಜೋರಿತ್ತು ನೋಡು."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಹೆತ್ತ ತಂದೆಯ ಮೇಲೂ ಅವಳಿಗೆ ಇಷ್ಟು ಅಕ್ಕರೆ ಉಕ್ಕಿರಲಿಲ್ಲ.

"ತುಂಡು ಗೆರೆ ಇದ್ರೆ ಇರ್ಲಿ ಬಿಡಿ, ಸರ್. ಯಾರಿಗೇನು ನಷ್ಟ?"

"ಅದನ್ನ ನಂಬಿ ಲೆಕ್ಕ ಹಾಕೋರಿಗೆ ನಷ್ಟ, ಮಗೂ. ನನ್ನ ಮುಖ ನೋಡಿ ಅವರ ದಾರಿ ತಪ್ಪಿಸ್ತೀಯಾ?"

ಮೇಷ್ಟ್ರು ಖಾಲಿ ಹಾಳೆಯೊಂದನ್ನು ಮುಂದಿಟ್ಟುಕೊಂಡು ಜೇಬಿನಿಂದ ಪೆನ್ನು ತೆಗೆದರು. "ಆ ಮಟ್ಟ ಇಲ್ಲ ಅಂತ ಪ್ರಬಂಧದಲ್ಲಿ ಹಾಕೋಣ. ನೀನು ಹೇಳು, ನಾನು ಬರ್ಕೋತೀನಿ."

ಐದು ವರ್ಷ ಅವರು ಹೇಳಿದ್ದನ್ನು ಬರೆದುಕೊಂಡೇ ಬಂದವಳು. ಅವಳು, "ಹಿಂದೆ ವರದಿಯಾಗಿದ್ದ ಮೂರನೆಯ ಮಟ್ಟ..." ಎಂದು ಶುರು ಮಾಡಿ ಅಲ್ಲೇ ನಿಂತುಬಿಟ್ಟಳು.

"ಯಾರು ವರದಿ ಮಾಡಿದ್ದು ಅಂತಾನೂ ಹಾಕ್ಬೇಕು," ಎಂದು ತಲೆಯೆತ್ತದೆ ಹೇಳಿದ ಮೇಷ್ಟ್ರು, ತಮ್ಮ ಹೆಸರನ್ನು ದುಂಡಗೆ ಬರೆದು, ಪೆನ್ನನ್ನು ಕಾಗದದ ಮೇಲೇ ಊರಿಕೊಂಡು ಅವಳ ಮುಂದಿನ ಮಾತಿಗೆ ಕಾದರು.