ಒಳಗಿನ ಹಿಡಿಕೆ

ಸೋಲಾರ್ ಕಾರಿನ ತಂಡದ ಮೀಟಿಂಗುಗಳಲ್ಲಿ ಸ್ಪೂರ್ತಿ ಬಾಯಿ ಬಿಡುತ್ತಿರಲಿಲ್ಲ. ತಂಡದವರು ಯಾರೂ ಅವಳಿಗೆ ಬೇಡವೆಂದಿರಲಿಲ್ಲ. ಆ ನಿಯಮ ಅವಳ ಸಂಶೋಧನೆಯದು. ಹಲವರು ಸೇರಿ ಒಂದು ವಸ್ತುವನ್ನು ರೂಪಿಸುವಾಗ ಒಬ್ಬರು ಮಾಡಿದ ಬದಲಾವಣೆಯ ಸುದ್ದಿ ಇನ್ನೊಬ್ಬರಿಗೆ ಹೇಗೆ ತಲುಪುತ್ತದೆ, ಎಲ್ಲಿ ಕಳೆದುಹೋಗುತ್ತದೆ ಎಂಬುದು ಅವಳ ಪಿಎಚ್‌ಡಿಯ ವಿಷಯ. ಅದಕ್ಕೆಂದೇ ಆರು ತಿಂಗಳಿಂದ ಕುಂದಲಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಪೀಣ್ಯದಲ್ಲಿ ಇಳಿಯುತ್ತಿದ್ದಳು. ಪಂಪಿನ ಬಿಡಿಭಾಗ ಮಾಡುತ್ತಿದ್ದ ಹಳೆಯ ಶೆಡ್ಡೊಂದನ್ನು, ಸೋಲಾರ್ ಕಾರುಗಳ ಸ್ಪರ್ಧೆಗೆ ತಯಾರಾಗುತ್ತಿದ್ದ ಇಂಜಿನಿಯರಿಂಗ್ ಕಾಲೇಜಿನ ಹುಡುಗರ ತಂಡ ಬಾಡಿಗೆಗೆ ಹಿಡಿದಿತ್ತು. ಪಕ್ಕದಲ್ಲಿ ಲೋಹಕ್ಕೆ ಪುಡಿಬಣ್ಣ ಹಚ್ಚುವ ಪೌಡರ್ ಕೋಟಿಂಗ್ ಘಟಕದ ವಾಸನೆ ಗೋಡೆ ದಾಟಿ ಬರುತ್ತಿದ್ದ ಆ ಶೆಡ್ಡಿನ ಮೂಲೆಯಲ್ಲಿ, ರೆಕಾರ್ಡರ್ ಇಟ್ಟುಕೊಂಡು ಅವಳು ಕೂರುತ್ತಿದ್ದಳು.

"ನೋಡೋಕೆ ಹೋದವಳು ಮಾತಾಡಿದ್ರೆ, ನೋಡಿದ್ದೆಲ್ಲಾ ಕೆಟ್ಟೋಗುತ್ತೆ," ಎಂದು ಅವಳ ಗೈಡ್ ಸುಮಂಗಲಾ ಮೇಡಂ ಮೊದಲ ದಿನವೇ ಹೇಳಿದ್ದರು. ಸ್ಪೂರ್ತಿ ಅದನ್ನು ಶ್ರದ್ಧೆಯಿಂದ ಪಾಲಿಸಿದ್ದಳು. ಹುಡುಗರು ಒಂದೇ ಬೋಲ್ಟಿಗೆ ಎರಡು ಸಲ ತೂತು ಕೊರೆದಾಗಲೂ ನಗು ತಡೆದುಕೊಂಡು ಸುಮ್ಮನಿದ್ದಳು.

ಆ ಸೋಮವಾರ ಪ್ಯಾನೆಲ್ ಗುಂಪಿನ ಸಂಗಮೇಶ್ ಕಾರಿನ ಮೇಲ್ಕವಚದಲ್ಲಿ ಇನ್ನೊಂದು ಸಾಲು ಸೌರಕೋಶ ಕೂರಿಸುತ್ತಿದ್ದ. ಆ ಕಾರಿಗೆ ಬಾಗಿಲಿಲ್ಲ. ಚಪ್ಪಟೆ ದೋಣಿಯಂಥ ಒಡಲು, ಅದರ ಮೇಲೆ ಮುಚ್ಚಳದಂತೆ ಇಡೀ ಕವಚ. ಮೂರು ಚಿಲಕಗಳು ಅದನ್ನು ಹಿಡಿದಿರುತ್ತವೆ; ಹೊರಗಿನವರು ಅವನ್ನು ಒಂದೊಂದಾಗಿ ಕೈಯಿಂದಲೇ ಬಿಡಿಸಬಹುದು. ಡ್ರೈವರ್ ಒಳಗೆ ಮಲಗಿದಂತೆ ಕೂತ ಮೇಲೆ ನಾಲ್ಕು ಜನ ಕವಚ ಎತ್ತಿ ಮುಚ್ಚುತ್ತಾರೆ. ತಲೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಗುಮ್ಮಟ. ಅಪಾಯವಾದರೆ ಡ್ರೈವರ್ ಹೆಗಲ ಪಕ್ಕದ ಕೆಂಪು ಹಿಡಿಕೆ ಎಳೆಯಬೇಕು. ಅದಕ್ಕೆ ಕಟ್ಟಿದ ತಂತಿ ಮೂರೂ ಚಿಲಕಗಳನ್ನು ಒಟ್ಟಿಗೆ ಬಿಡಿಸುತ್ತದೆ.

ಹೊಸ ಸಾಲಿನ ವೈರು ಹೋಗುವ ದಾರಿಯಲ್ಲೇ ಆ ತಂತಿ ಇತ್ತು. ಸಂಗಮೇಶ್ ಅದನ್ನು ಕೊಕ್ಕೆಯಿಂದ ಕಳಚಿ ಪಕ್ಕಕ್ಕೆ ಸುತ್ತಿಟ್ಟ.

"ಇದನ್ನ ಬೇರೆ ರೂಟಲ್ಲಿ ಹಾಕೋಣ. ಅಮರೇಶಂಗೆ ಯಾರಾದ್ರೂ ಹೇಳ್ರೋ," ಎಂದ.

"ಹೇಳ್ತೀನಿ ಮಗಾ," ಎಂದು ಯಾರೋ ಅಂದರು.

ಅಮರೇಶ್ ತಂಡದ ನಾಯಕ, ಸಿಂಧನೂರಿನವನು. ಕವಚ ಮತ್ತು ಡ್ರೈವರಿನ ಸುರಕ್ಷತೆ ಅವನ ಪಾಲು. ಮಾರನೇ ದಿನ ಅವನ ಗುಂಪಿನ ಮೀಟಿಂಗಿನಲ್ಲೂ ಸ್ಪೂರ್ತಿ ಕೂತಿದ್ದಳು. ಅವನು ಬ್ರೇಕಿನ ಬಗ್ಗೆ, ಟೈರಿನ ಬಗ್ಗೆ, ಶನಿವಾರ ದಾಬಸ್‌ಪೇಟೆಯ ಹೊಸ ಬಡಾವಣೆಯ ಉದ್ದ ರಸ್ತೆಯಲ್ಲಿ ನಡೆಸಬೇಕಾದ ಓಟದ ಬಗ್ಗೆ ಮಾತಾಡಿದ. ಕೊನೆಗೆ ಡ್ರೈವರ್ ನಿವೇದಿತಾಳ ಕಡೆ ತಿರುಗಿ, "ಏನರ ಆದ್ರ ಗಾಬರಿ ಆಗಬ್ಯಾಡ. ಕೆಂಪು ಹಿಡಿಕಿ ಎಳಿ, ಹೊರಗ ಬಾ. ಅಷ್ಟ," ಎಂದ.

ನಿವೇದಿತಾ ತಲೆಯಾಡಿಸಿದಳು. ರಾಜಗೋಪಾಲನಗರದ ಹುಡುಗಿ, ತಂಡದಲ್ಲಿ ಎಲ್ಲರಿಗಿಂತ ಗಿಡ್ಡ, ಎಲ್ಲರಿಗಿಂತ ಹಗುರ. ಅದಕ್ಕೇ ಡ್ರೈವರ್ ಆದವಳು ಎಂದು ಗೆಳೆಯರು ರೇಗಿಸುತ್ತಿದ್ದರು. ಕಾರಿನ ಮೋಟಾರಿನ ಲೆಕ್ಕವನ್ನೆಲ್ಲ ಮಾಡಿದವಳೂ ಅವಳೇ ಎಂಬುದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಸ್ಪೂರ್ತಿಯ ಬೆನ್ನು ನೆಟ್ಟಗಾಯಿತು. ಸುದ್ದಿ ತಲುಪಿಲ್ಲ. ಹಿಡಿಕೆ ತನ್ನ ಜಾಗದಲ್ಲೇ ಇದೆ, ಕೆಂಪಗೆ ಹೊಳೆಯುತ್ತಿದೆ. ಅದರ ಹಿಂದೆ ಏನೂ ಇಲ್ಲ. ಎರಡೂ ಗುಂಪಿನ ಮಾತು ಕೇಳಿಸಿಕೊಂಡವಳು ಇಡೀ ಶೆಡ್ಡಿನಲ್ಲಿ ತಾನೊಬ್ಬಳೇ.

ಆದರೆ ಹೆದರಿಕೆಗಿಂತ ಮೊದಲು ಅವಳಿಗೆ ಬಂದದ್ದು ಖುಷಿ. ಇಷ್ಟು ದಿನ ಕಾದದ್ದೇ ಇಂಥದ್ದೊಂದು ಉದಾಹರಣೆಗೆ. ಸುದ್ದಿ ಎಲ್ಲಿ ನಿಂತಿದೆ, ಯಾರ ಮೂಲಕ ಮುಂದೆ ಹೋಗುತ್ತದೆ, ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಲ್ಲವನ್ನೂ ಅವಳು ಕಣ್ಣಾರೆ ನೋಡಬಹುದಿತ್ತು. ಅವತ್ತು ಮೆಟ್ರೋದಲ್ಲಿ ನಿಂತೇ ಮನೆಗೆ ಬಂದಳು. ಸೀಟು ಖಾಲಿಯಾದದ್ದೂ ಗೊತ್ತಾಗಲಿಲ್ಲ.

ಬುಧವಾರ ಶೆಡ್ಡಿನ ಮುಂದಿನ ರಸ್ತೆಯಲ್ಲಿ ಕಾರನ್ನು ಸ್ವಲ್ಪ ಓಡಿಸಿ ನೋಡುವುದೆಂದು ಯಾರೋ ಹೊರಟರು. ಅದು ಯೋಜನೆಯಲ್ಲಿ ಇರಲಿಲ್ಲ. ನಿವೇದಿತಾ ಒಳಗೆ ಮಲಗಿದಳು, ಕವಚ ಮುಚ್ಚಿತು. ಕಾರು ಸದ್ದಿಲ್ಲದೆ ಜಾರಿ, ಲಾರಿಗಳು ನಿಂತಿದ್ದ ತಿರುವಿನವರೆಗೆ ಹೋಗಿ ಕಣ್ಣಿಗೆ ಮರೆಯಾಯಿತು. ಸ್ಪೂರ್ತಿ ಗೇಟಿನ ಸರಳು ಹಿಡಿದು ನಿಂತಿದ್ದಳು. ಬ್ಯಾಟರಿ ಹೊತ್ತಿಕೊಂಡರೆ? ಎದುರಿನಿಂದ ಟೆಂಪೋ ಬಂದರೆ? ಈಗ ಕೂಗಿ ಹೇಳಬೇಕು ಎಂದುಕೊಂಡಳು. ಬಾಯಿ ತೆರೆಯುವಷ್ಟರಲ್ಲಿ ಕಾರು ತಿರುಗಿ ಬಂತು. ನಾಲ್ಕು ಜನ ಕವಚ ಎತ್ತಿದರು. ನಿವೇದಿತಾ ನಗುತ್ತಾ ಎದ್ದು ಕೂತಳು. ಹೇಳುವ ಹೊತ್ತು ದಾಟಿಹೋಯಿತೆಂದು ಸ್ಪೂರ್ತಿಗೆ ಅನ್ನಿಸಿತು. ಅಥವಾ ಹಾಗನ್ನಿಸಲಿ ಎಂದು ಅವಳೇ ಬಯಸಿದಳು.

ಗುರುವಾರ ಶೆಡ್ಡಿಗೆ ಹೋಗಲಿಲ್ಲ. ತಲೆನೋವೆಂದು ಮಲಗಿದಳು. ತಾಯಿ ಶರಣಮ್ಮ ತಟ್ಟೆಯಲ್ಲಿ ರೊಟ್ಟಿ ತಂದಿಟ್ಟು, "ಮಾರಿ ಯಾಕ ಹಿಂಗಾಗೇತಿ?" ಎಂದು ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ. ಅವರು ಆಚೆ ಹೋದ ಮೇಲೆ ಸ್ಪೂರ್ತಿ ಸುಮಂಗಲಾ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ನೀನು ಹೇಳಿದ್ರೆ ಈ ತಂಡದ ಡೇಟಾ ಅಲ್ಲಿಗೆ ಮುಗೀತು, ಗೊತ್ತಲ್ಲ?" ಎಂದರು ಮೇಡಂ.

"ಗೊತ್ತು ಮೇಡಂ."

"ಹಂಗಿದ್ಮೇಲೆ ನನ್ನನ್ ಯಾಕೆ ಕೇಳ್ತಿದೀಯ? ನಾನು ಬೇಡ ಅಂದ್ರೆ ಸುಮ್ನಿರ್ತೀಯಾ?"

ಮೇಡಂ ಬೇಡ ಎನ್ನಲಿ ಎಂದೇ ತಾನು ಫೋನ್ ಮಾಡಿದ್ದು ಎಂಬುದು ಆಗ ಸ್ಪೂರ್ತಿಗೆ ಹೊಳೆಯಿತು. ಮಾತು ಮುಗಿಸಿ ಅಮರೇಶನಿಗೆ ಕರೆ ಮಾಡಿದಳು. ಫೋನ್ ಸ್ವಿಚ್ ಆಫ್. ಮೆಸೇಜ್ ಹಾಕಿದಳು, ಒಂದೇ ಟಿಕ್ ಬಿತ್ತು; ಅವನಿಗೆ ತಲುಪಿರಲಿಲ್ಲ.

ಶುಕ್ರವಾರ ಅವಳು ಪೀಣ್ಯ ಸ್ಟೇಷನ್ನಿನ ಮೆಟ್ಟಿಲುಗಳನ್ನು ಓಡುತ್ತಲೇ ಇಳಿದಳು. ಶೆಡ್ಡಿನ ಅಂಗಳದಲ್ಲಿ ಬಿಸಿಲಿಗೆ ಕಾರು ನಿಲ್ಲಿಸಿ, ಪ್ಯಾನೆಲ್ಲಿನಿಂದ ಎಷ್ಟು ವಿದ್ಯುತ್ ಬರುತ್ತಿದೆಯೆಂದು ಅಳೆಯುತ್ತಿದ್ದರು. ನಿವೇದಿತಾ ಹೆಲ್ಮೆಟ್ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ಅಮರೇಶ್, ಒಂದು ವಿಷಯ ಹೇಳ್ಬೇಕು," ಎಂದಳು ಸ್ಪೂರ್ತಿ. ಅವಳ ದನಿ ಕೇಳಿಯೇ ಎಲ್ಲರೂ ತಿರುಗಿದರು. "ಒಳಗಿನ ಹಿಡಿಕೆಗೆ ತಂತಿ ಇಲ್ಲ. ಸೋಮವಾರ ಕಳಚಿದಾರೆ."

ಅಮರೇಶನ ಮುಖ ಕಪ್ಪಾಯಿತು. "ಅಕ್ಕ, ನಮಗ್ಯಾರೂ ಹೇಳಿಲ್ರೀ. ಏಯ್ ಸಂಗ್ಯಾ!"

ಸಂಗಮೇಶ್ ಮೀಟರ್ ಹಿಡಿದುಕೊಂಡೇ ಬಂದ. "ಕಳಚಿದ್ದೆ, ಹೌದು. ನಿನ್ನೆ ಹಾಕ್ಬಿಟ್ಟೆ ಗುರು. ಹೊಸ ರೂಟಲ್ಲಿ. ಸುಮ್ನೆ ಯಾಕೆ ಟೆನ್ಶನ್? ಬೇಕಾದ್ರೆ ಈಗ್ಲೇ ನೋಡೋಣ."

ಸ್ಪೂರ್ತಿಯ ಕಿವಿ ಬಿಸಿಯಾಯಿತು. ತಾನಿಲ್ಲದ ಒಂದೇ ದಿನ ಅದು ಸರಿಹೋಗಿತ್ತು. ಆರು ತಿಂಗಳ ಮೌನವನ್ನು ಏನೂ ಅಲ್ಲದ್ದಕ್ಕೆ ಮುರಿದೆನೇ?

"ನೋಡೇ ಬಿಡೋಣ," ಎಂದಳು ನಿವೇದಿತಾ. "ನಾಳೆ ಹೋಗೋದು ನಾನು ತಾನೆ?" ಎನ್ನುತ್ತಾ ಹೆಲ್ಮೆಟ್ ಹಾಕಿಕೊಂಡು ಒಳಗೆ ಮಲಗಿದಳು.

ಕವಚ ಮುಚ್ಚಿದರು. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಯಾರೂ ಸಹಾಯ ಮಾಡಬಾರದು, ಅವಳೊಬ್ಬಳೇ ಹೊರಬರಬೇಕು. ಅಮರೇಶ್ ಕೈ ಬೀಸಿದ.

ಟಕ್ ಎಂದು ಮುಂದಿನ ಎರಡು ಚಿಲಕ ಬಿಟ್ಟವು. ಹಿಂದಿನದು ಬಿಡಲಿಲ್ಲ. ಒಳಗಿನಿಂದ ನಿವೇದಿತಾ ಒದ್ದಳು. ಕವಚದ ಮುಂಭಾಗ ಎದ್ದು, ಹಿಂಭಾಗ ಸಿಕ್ಕಿಕೊಂಡೇ ಇದ್ದು, ಇಡೀ ಮುಚ್ಚಳ ಓರೆಯಾಗಿ ಒಡಲಿನ ಅಂಚಿಗೆ ಕಚ್ಚಿಕೊಂಡಿತು. ಹೊಸ ದಾರಿಯ ತಂತಿ ಮೂರನ್ನೂ ಸಮನಾಗಿ ಎಳೆದಿರಲಿಲ್ಲ.

"ಎತ್ರೋ!" ಎಂದು ಅಮರೇಶ್ ನುಗ್ಗಿದ. ನಾಲ್ವರು ಎಳೆದರು. ಓರೆಯಾದ ಭಾರಕ್ಕೆ ಸಿಕ್ಕಿದ ಹಿಂದಿನ ಚಿಲಕ ಹೊರಗಿನಿಂದಲೂ ಬಿಡಲಿಲ್ಲ; ಎಳೆದಷ್ಟೂ ಬಿಗಿಯಾಯಿತು. ಒಳಗಿನಿಂದ ಬಡಿತದ ಸದ್ದು ಜೋರಾಯಿತು.

ಒಬ್ಬ ಗರಗಸ ತಂದ.

"ಬೇಡ! ಕೈ ತೆಗಿ!" ಸಂಗಮೇಶ್ ಕಿರುಚಿದ. ಓರೆಯಾದ ಕವಚದ ಅಂಚಿನಡಿ ವೈರಿನ ಕಟ್ಟು ಸಿಕ್ಕಿ, ಮೇಲಿನ ರಬ್ಬರು ಹರಿದು ತಾಮ್ರ ಕಾಣುತ್ತಿತ್ತು. "ಇದು ಬಿಸಿಲಿರೋವರ್ಗೂ ಆಫ್ ಆಗಲ್ಲ ಕಣ್ರೋ. ಮುಟ್ಟಿದ್ರೆ ಹೊಡೆಯುತ್ತೆ. ಟಾರ್ಪಾಲ್ ತನ್ನಿ, ಮುಚ್ಚಿ ಮೊದ್ಲು!"

ನೀಲಿ ಟಾರ್ಪಾಲನ್ನು ಎಳೆದು ತಂದು ಕಾರಿನ ಮೇಲೆ ಹೊದಿಸಿದರು. ಗುಮ್ಮಟವೂ ಮುಚ್ಚಿಹೋಯಿತು. ಒಳಗೆ ಕತ್ತಲಾದ ಕ್ಷಣ ನಿವೇದಿತಾ ಕಿರುಚಿದಳು. ಬಡಿತ ನಿಂತು ಬರೀ ಕಿರುಚಾಟ. ಪೌಡರ್ ಕೋಟಿಂಗ್ ಘಟಕದವರು ಗೋಡೆಯ ಮೇಲಿನಿಂದ ಇಣುಕಿದರು.

ಅಮರೇಶ್ ಸ್ಪ್ಯಾನರ್ ಹಿಡಿದು ಕಾರಿನಡಿ ತೆವಳಿದ. ಹಿಂದಿನ ಚಿಲಕವನ್ನು ಒಡಲಿಗೆ ಹಿಡಿದಿದ್ದ ಬೋಲ್ಟುಗಳನ್ನು ಕೆಳಗಿನಿಂದ ಬಿಚ್ಚುವುದೊಂದೇ ದಾರಿ. ಸಂಗಮೇಶ್ ಟಾರ್ಪಾಲಿನ ಅಂಚನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದ.

ಸ್ಪೂರ್ತಿ ಮುಂದೆ ಹೋಗಿ ಗುಮ್ಮಟದ ಬಳಿ ಮೊಣಕಾಲೂರಿದಳು. ಟಾರ್ಪಾಲನ್ನು ತಲೆಯ ಮೇಲೆ ಹೊದ್ದುಕೊಂಡು ಅದರೊಳಗೆ ನುಸುಳಿದಳು. ಬಿಸಿಲು ಹೊರಗೇ ಉಳಿಯಿತು, ನೀಲಿ ಮಬ್ಬಿನಲ್ಲಿ ಅವಳ ಮುಖ ಗುಮ್ಮಟಕ್ಕೆ ತಾಗುವಷ್ಟು ಹತ್ತಿರ ಬಂತು. ಪ್ಲಾಸ್ಟಿಕ್ಕಿನ ಒಳಬದಿ ಉಸಿರಿನಿಂದ ಮಂಜಾಗಿತ್ತು. ಅದರ ಹಿಂದೆ ನಿವೇದಿತಾಳ ಕಣ್ಣು.

"ನನ್ನ ನೋಡು. ನಿವೇದಿತಾ, ಇಲ್ಲಿ. ಕಾಣ್ತಿದೀನಾ?"

"ತೆಗೀರಿ ಅಕ್ಕಾ... ಉಸಿರು ಬರ್ತಿಲ್ಲ... ತೆಗೀರಿ..."

"ಮುಂದೆ ಸಂದಿ ಬಿಟ್ಟಿದೆ, ಗಾಳಿ ಬರ್ತಿದೆ. ಕಾಲ ಹತ್ರ ಗೊತ್ತಾಗುತ್ತಾ? ಅಮರೇಶ್ ಕೆಳಗಿದಾನೆ, ಬಿಚ್ತಿದಾನೆ. ಸ್ಪ್ಯಾನರ್ ಸದ್ದು ಕೇಳು."

"ಸುಳ್ಳು ಹೇಳ್ಬೇಡಿ!"

"ಇಲ್ಲ. ನಾನಿಲ್ಲಿಂದ ಹೋಗಲ್ಲ. ನೀನು ಬರೋವರ್ಗೂ ಇಲ್ಲೇ ಇರ್ತೀನಿ."

ಟಾರ್ಪಾಲಿನೊಳಗೆ ಸ್ಪೂರ್ತಿಗೂ ಉಸಿರು ಕಟ್ಟುತ್ತಿತ್ತು. ಬೆವರು ಕಣ್ಣಿಗೆ ಇಳಿಯಿತು; ಒರೆಸಿಕೊಳ್ಳಲಿಲ್ಲ. ಮುಖ ಮರೆಯಾದರೆ ಆ ಹುಡುಗಿ ಮತ್ತೆ ಕಿರುಚುತ್ತಾಳೆಂದು ಅವಳಿಗೆ ಗೊತ್ತಿತ್ತು. ಕೆಳಗಿನಿಂದ ಅಮರೇಶನ ಬೈಗುಳ, ಸ್ಪ್ಯಾನರ್ ಜಾರಿದ ಸದ್ದು, ಮತ್ತೆ ಬೈಗುಳ. ನಿವೇದಿತಾಳ ರೆಪ್ಪೆ ಮುಚ್ಚತೊಡಗಿತು.

"ಕಣ್ಣು ಬಿಡು! ಏಯ್, ಕಣ್ಣು ಬಿಡು!" ಸ್ಪೂರ್ತಿ ಗುಮ್ಮಟಕ್ಕೆ ಮುಷ್ಟಿಯಿಂದ ಗುದ್ದಿದಳು.

ಏನೋ ಕಳಚಿ ನೆಲಕ್ಕೆ ಬಿತ್ತು. "ಎತ್ರಿ!" ಎಂಬ ಕೂಗು. ಈ ಸಲ ಕವಚ ಟಾರ್ಪಾಲಿನ ಸಮೇತ ಮೇಲೆದ್ದಿತು. ಬೆಳಕು ಒಮ್ಮೆಲೇ ನುಗ್ಗಿತು. ಇಬ್ಬರು ನಿವೇದಿತಾಳ ಕಂಕುಳಿಗೆ ಕೈ ಹಾಕಿ ಎಳೆದು ನೆರಳಿಗೆ ತಂದರು. ಹೆಲ್ಮೆಟ್ ತೆಗೆದು ಮುಖಕ್ಕೆ ನೀರು ಹಾಕಿದರು. ಅವಳು ವಾಂತಿ ಮಾಡಿಕೊಂಡಳು. ಆಮೇಲೆ ಗೋಡೆಗೆ ಒರಗಿ ಕೂತು ತುಂಬ ಹೊತ್ತು ಉಸಿರೆಳೆದುಕೊಂಡಳು.

ಸಂಗಮೇಶ್ ಎದುರಿಗೆ ಕುಕ್ಕರಗಾಲಲ್ಲಿ ಕೂತು ಅಳುತ್ತಿದ್ದ. "ಸಾರಿ ಕಣೇ. ಹಾಕಿದ್ದೆ, ಎಳೆದು ನೋಡ್ಲಿಲ್ಲ..."

ನಿವೇದಿತಾ ಸ್ಪೂರ್ತಿಯ ಕಡೆ ನೋಡಿದಳು.

"ನಿಮ್ಗೆ ಸೋಮವಾರದಿಂದ ಗೊತ್ತಿತ್ತಾ?"

"ಗೊತ್ತಿತ್ತು."

"ಬುಧವಾರ ನಾನು ಓಡಿಸ್ದಾಗ ನೀವು ಗೇಟಲ್ಲಿದ್ರಿ."

"ಇದ್ದೆ."

ನಿವೇದಿತಾ ನೀರಿನ ಬಾಟಲಿ ತೆಗೆದುಕೊಂಡು ಎದ್ದು, ಗೋಡೆ ಹಿಡಿದು ನಡೆಯುತ್ತಾ ಶೆಡ್ಡಿನೊಳಗೆ ಹೋದಳು. ಇವತ್ತು ಹೇಳಿ ಕಾಪಾಡಿದಿರಿ ಎಂದು ಅಮರೇಶ್ ಏನೋ ಸಮಾಧಾನ ಹೇಳಲು ಬಂದ. ಸ್ಪೂರ್ತಿ ಕೈ ಅಡ್ಡ ಮಾಡಿ ನಿಲ್ಲಿಸಿದಳು. ನಾಳೆ ದಾಬಸ್‌ಪೇಟೆಯ ಖಾಲಿ ರಸ್ತೆಯಲ್ಲಿ, ಎಲ್ಲರೂ ದೂರವಿದ್ದಾಗ ಇದು ನಡೆದಿದ್ದರೆ ಎಂದು ಯೋಚಿಸದಿರಲು ಅವಳು ಹೆಣಗುತ್ತಿದ್ದಳು.

ಶನಿವಾರದ ಓಟ ರದ್ದಾಯಿತು. ತಂತಿಯ ಜಾಗದಲ್ಲಿ ಪ್ರತಿ ಚಿಲಕಕ್ಕೂ ಒಳಗಿನಿಂದಲೇ ಬೇರೆ ಬೇರೆ ಹಿಡಿಕೆ ಮಾಡಿದರು. ಅದನ್ನು ರೂಪಿಸಿದವಳು ನಿವೇದಿತಾ. ತಾನು ಎಳೆದು ನೋಡದ ಯಾವುದನ್ನೂ ಕಾರಿಗೆ ಹಾಕಕೂಡದೆಂದು ಪಟ್ಟು ಹಿಡಿದಳು. ಹೊಸ ಸಾಲು ಕೋಶಗಳನ್ನು ತೆಗೆಸಿದಳು. ಮೊದಲ ವಾರವೆಲ್ಲ ಕವಚ ಮುಚ್ಚಿಸಿಕೊಂಡು, ತಾನೇ ತೆಗೆದು, ಮತ್ತೆ ಮುಚ್ಚಿಸಿಕೊಳ್ಳುತ್ತಿದ್ದಳು.

ಸ್ಪರ್ಧೆಯ ಪರಿಶೀಲಕರ ಮುಂದೆ ಅವಳು ಯಾರ ನೆರವೂ ಇಲ್ಲದೆ ಹೊರಬಂದಳು. ಕಾರು ಎರಡನೇ ದಿನ ಮೋಟಾರಿನ ತೊಂದರೆಯಿಂದ ನಿಂತುಹೋಯಿತು. ಆ ತಂಡಕ್ಕೆ ಬಹುಮಾನವೇನೂ ಬರಲಿಲ್ಲ.

ಸ್ಪೂರ್ತಿಯ ಪ್ರಬಂಧ ಒಂದು ವರ್ಷ ಹಿಂದೆ ಬಿತ್ತು. ನೋಡುವವಳು ನಡುವೆ ಬಂದದ್ದರಿಂದ ಈ ತಂಡವನ್ನು ಅವಳು ಮೊದಲು ನೋಡಿದ್ದ ಬೇರೆ ತಂಡಗಳ ಜೊತೆ ಹೋಲಿಸುವಂತಿಲ್ಲ ಎಂದು ವಿಶ್ವವಿದ್ಯಾಲಯದ ಸಮಿತಿ ತೀರ್ಮಾನಿಸಿತು. ಸುಮಂಗಲಾ ಮೇಡಂ ಬೇರೊಂದು ದಾರಿ ತೋರಿಸಿದರು: ಆ ವಾರವನ್ನೇ ಒಂದು ಅಧ್ಯಾಯ ಮಾಡು, ನಿನ್ನನ್ನೂ ಅದರೊಳಗೆ ಸೇರಿಸು. ಬರೆದು ಮುಗಿಸಿದ ಮೇಲೆ ಅವಳು ಅದನ್ನು ಒಪ್ಪಿಗೆಗಾಗಿ ನಿವೇದಿತಾಳಿಗೆ ಕಳಿಸಿದಳು. ಆ ದಿನದ ನಂತರ ಇಬ್ಬರೂ ಮಾತಾಡಿರಲಿಲ್ಲ.

ಎರಡು ದಿನ ಬಿಟ್ಟು ಫೋನ್ ಬಂತು.

"ಓದ್ದೆ ಅಕ್ಕ," ಎಂದಳು ನಿವೇದಿತಾ. ಹಿಂದೆ ಬಸ್ಸಿನ ಹಾರ್ನ್ ಕೇಳುತ್ತಿತ್ತು. "ಡ್ರೈವರ್ ಹೊರಬರುವುದು ತಡವಾಯಿತು ಅಂತ ಬರೆದಿದೀರ."

"ಹೌದು. ಅಂಥ ಬರವಣಿಗೆಯಲ್ಲಿ ಹಂಗೇ ಬರೆಯೋದು..."

"ನಾನು ಕಿರುಚಿದೆ. ಅದನ್ನ ಬರೀರಿ."

ಸ್ಪೂರ್ತಿ ಫೋನ್ ಹಿಡಿದೇ ಎದ್ದು ಮೇಜಿನ ಬಳಿ ಹೋದಳು.

"ನೀವು ನೋಡಿದ್ರಲ್ಲ? ನೋಡಿದ್ದನ್ನ ಬರೀರಿ," ಎಂದಳು ನಿವೇದಿತಾ. "ನೀವು ಟಾರ್ಪಾಲೊಳಗೆ ಬಂದಿದ್ದೂ ಬಿಟ್ಟಿದೀರ. ಬಸ್ ಬಂತು, ಇಡ್ತೀನಿ."

ಸ್ಪೂರ್ತಿ ಲ್ಯಾಪ್‌ಟಾಪ್ ತೆರೆದು ಆ ವಾಕ್ಯವನ್ನು ಅಳಿಸಿದಳು. ಆ ಜಾಗದಲ್ಲಿ, ಡ್ರೈವರ್ ಕಿರುಚಿದಳು ಎಂದು ನಿಧಾನವಾಗಿ ಬರೆಯತೊಡಗಿದಳು.