ಕಲ್ಲಿನ ಮೇಲಿದ್ದ ಹೆಸರು

ಹಾರೆಯ ತುದಿ ಸಮಾಧಿಗಲ್ಲಿನ ಸಂದಿಗೆ ಇಳಿಯುತ್ತಿದ್ದಂತೆ ಟೆಟ್ಟಾ ಓಡಿಬಂದು ಕಲ್ಲಿನ ಮೇಲೆ ನಿಂತುಬಿಟ್ಟಳು.

"ಇದು ದೊಡ್ಡ ರಾಣಿಯ ಸಮಾಧಿ. ಇದನ್ಯಾಕೆ ಎಬ್ಬಿಸ್ತಿದ್ದೀರಿ?"

"ದೊರೆಗಳ ಅಪ್ಪಣೆ ತಾಯಿ," ಎಂದ ಕಲ್ಲುಕುಟಿಗ ಡುಡ್ಡಾ. "ನಿಮ್ಮಮ್ಮನ್ನೂ ಇಲ್ಲೇ ಪಕ್ಕದಲ್ಲಿ ಮಲಗಿಸೋದಂತೆ. ಇಬ್ಬರಿಗೂ ಒಂದೇ ಕಲ್ಲು ಸಾಕಂತೆ. ಹೆಸರಂತೂ ಮೊದಲೇ ಇದೆ. ನನ್ನ ಉಳಿಗೆ ಇವತ್ತು ರಜಾ."

ಅವನ ಜೊತೆಯವರು ನಕ್ಕರು. ಟೆಟ್ಟಾಳ ಮುಖ ನೋಡಿ ಹಾರೆ ಕೆಳಗಿಟ್ಟರು.

ಕಲ್ಲಿನ ಮೇಲೆ 'ಎಡ್ಗಿವಾ, ರಾಣಿ' ಎಂದಷ್ಟೇ ಇತ್ತು. ಅದು ಅಪ್ಪನ ಮೊದಲ ಹೆಂಡತಿಯ ಹೆಸರು. ಅವಳು ಸತ್ತ ಮೇಲೆ ಸಮುದ್ರದಾಚೆಯಿಂದ ತಂದುಕೊಂಡ ಎರಡನೆಯವಳಿಗೂ, ಅಂದರೆ ಟೆಟ್ಟಾಳ ಅಮ್ಮನಿಗೂ, ಅದನ್ನೇ ಇಟ್ಟಿದ್ದರು.

ದೊರೆ ಓಸ್ರಿಕ್ ಇಗರ್ಜಿಯ ಕಂಬಕ್ಕೆ ಒರಗಿ ನಿಂತಿದ್ದ. ಅವನು ದೊಡ್ಡ ರಾಣಿಯ ಮಗ. ಅತ್ತು ಅತ್ತು ಅವನ ಕಣ್ಣು ಊದಿಕೊಂಡಿತ್ತು.

"ಅಣ್ಣಾ, ಪ್ರಾರ್ಥನೇಲಿ ಎಡ್ಗಿವಾ ಅಂದ್ರೆ ದೇವರು ಯಾರು ಅಂತ ತಿಳ್ಕೋಬೇಕು?"

"ಇಬ್ಬರೂ ಅಂತ ತಿಳ್ಕೋತಾನೆ ಬಿಡು."

"ದೊಡ್ಡ ರಾಣಿಯ ಮಂಚ, ದೊಡ್ಡ ರಾಣಿಯ ನಿಲುವಂಗಿ, ದೊಡ್ಡ ರಾಣಿಯ ಹೆಸರು. ಅಮ್ಮ ಬದುಕಿಡೀ ಇನ್ನೊಬ್ಬರದ್ದನ್ನೇ ಉಟ್ಟಳು. ಪ್ರಾರ್ಥನೆಯಾದ್ರೂ ಅವಳದ್ದೇ ಆಗ್ಲಿ. ಅವಳ ಸ್ವಂತ ಹೆಸರು ಹೇಳ್ಸು."

"ಹೇಳಿಸ್ತೀನಿ. ಯಾವುದದು?"

ಅಮ್ಮ ಒಂದು ದಿನವೂ ಅದನ್ನು ಹೇಳಿರಲಿಲ್ಲ.

"ನೋಡು, ನಿಂಗೂ ಗೊತ್ತಿಲ್ಲ." ಓಸ್ರಿಕ್‌ನ ದನಿ ಗಡುಸಾಗಿರಲಿಲ್ಲ. "ನಮ್ಮಮ್ಮ ಹೋದಾಗ ನಾನಿನ್ನೂ ತೊಟ್ಟಿಲಲ್ಲಿದ್ದೆ. ಆ ಹೆಸರು ಹಿಡಿದು ಕೂಗಿದಾಗ ಓಡಿ ಬಂದವಳು ಇವಳೇ. ನನಗೆ ಎಡ್ಗಿವಾ ಅಂದ್ರೆ ಇವಳೇ ಕಣೇ."

*

ಟೆಟ್ಟಾಳ ಅಮ್ಮ ಆಗಿನ್ನೂ ಹುಡುಗಿ; ಹಡಗಿನ ಪಯಣದುದ್ದಕ್ಕೂ ವಾಂತಿ ಮಾಡಿಕೊಂಡು ಬಂದಿದ್ದಳು. ದಡದಲ್ಲಿ ಕುದುರೆಗಳು, ಬಾವುಟಗಳು, ಗಡ್ಡ ನರೆತ ಮದುಮಗ. ಅವಳ ಜೊತೆ ತವರಿನಿಂದ ಬಂದವಳು ದಾದಿ ಗ್ರೋವಾ ಒಬ್ಬಳೇ.

"ಎಡ್ಗಿವಾ!" ಎಂದು ಬಿಷಪ್ಪರು ಕರೆದರು.

ಹುಡುಗಿ ತಿರುಗಲಿಲ್ಲ. ಮತ್ತೆ ಕರೆದರು. ಅವಳು ಕಡಲಹಕ್ಕಿಗಳನ್ನು ನೋಡುತ್ತಿದ್ದಳು.

"ಕಿವುಡೀನ ಕಳ್ಸಿದ್ದಾರೇನ್ರೋ!" ಎಂದ ಮದುಮಗ. ದಡವೆಲ್ಲ ನಕ್ಕಿತು.

ಅಂದೇ ಗ್ರೋವಾಳನ್ನು ಇಗರ್ಜಿಗೆ ಕರೆಸಿ, ಸಂತರ ಮೂಳೆಯಿದ್ದ ಪೆಟ್ಟಿಗೆಯ ಮೇಲೆ ಕೈ ಇಡಿಸಿದರು. ಹಳೆಯ ಹೆಸರು ದೇವರಿಲ್ಲದ ಜನರದ್ದು, ಅದು ಹುಡುಗಿಯ ಕಿವಿಗೆ ಇನ್ನು ಬೀಳಕೂಡದು ಎಂದರು. ಗ್ರೋವಾ ಆಣೆಯಿಟ್ಟಳು. ಅಂದಿನಿಂದ ಅವಳಿಗೆ ಆ ಹುಡುಗಿ ಬರೀ 'ಮಗಾ' ಆದಳು.

ಎಷ್ಟೋ ವರ್ಷಗಳ ಮೇಲೆ, ಮುದಿ ದೊರೆ ಜ್ವರದಲ್ಲಿ ಬೇಯುತ್ತ ಎಡ್ಗಿವಾ, ಎಡ್ಗಿವಾ ಎಂದು ಕನವರಿಸಿದಾಗ ಟೆಟ್ಟಾಳ ಅಮ್ಮ ಹೋಗಿ ಮಂಚದ ಪಕ್ಕ ಕೂತಳು.

"ಯಾರನ್ನ ಕರೆದ್ರೋ," ಎಂದಿದ್ದಳು ಆಮೇಲೆ ಟೆಟ್ಟಾಳಿಗೆ. "ಹಿಡ್ಕೊಂಡಿದ್ದು ಮಾತ್ರ ನನ್ನ ಕೈಯನ್ನೇ."

*

ಗ್ರೋವಾ ಅಡುಗೆಮನೆಯ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಟೆಟ್ಟಾ ಅವಳ ಮುಂದೆ ಕುಕ್ಕರಿಸಿದಳು.

"ಅಜ್ಜಿ, ಅಮ್ಮನ ಹೆಸರು ಹೇಳೇ. ಗಂಟೆ ಹೊಡೆಯೋಕೆ ಮುಂಚೆ ಹೇಳು."

"ಆಗಲ್ಲ ಮಗಾ."

"ಅವಳು ಸತ್ತಿದ್ದಾಳೆ!"

"ಸತ್ತೋರಿಗೆ ಕಿವಿ ಇರಲ್ಲ ಅಂತ ನಿಂಗ್ಯಾರು ಹೇಳಿದ್ರು? ಅಲ್ಲಿ ಬಾಯಿ ತೆರೆದ ಪೆಟ್ಟಿಗೇಲಿ ಮಲಗಿದ್ದಾಳೆ. ಅವಳ ಕಿವಿಗೆ ಹಾಕಲ್ಲ ಅಂತ ಆಣೆ ಇಟ್ಟಿದ್ದೀನಿ. ಆಣೆ ಮುರಿದು ನರಕಕ್ಕೆ ನಾನು ಹೋದ್ರೆ ಅಲ್ಲಿ ನಮ್ಮ ಭಾಷೆ ಆಡೋರು ಯಾರಿದ್ದಾರೆ?"

ಟೆಟ್ಟಾ ಬೇಡಿದಳು, ಬೈದಳು, ಕೊನೆಗೆ ಮುದುಕಿಯ ಭುಜ ಹಿಡಿದು ಅಲುಗಿಸಿದಳು. ಗಂಟೆ ಹೊಡೆಯಿತು.

ಬಿಷಪ್ಪರು ಎಡ್ಗಿವಾಳ ಆತ್ಮಕ್ಕೆ ಶಾಂತಿ ಕೋರಿದರು. ಓಸ್ರಿಕ್ ಮಗುವಿನಂತೆ ಬಿಕ್ಕಿದ. ಪೆಟ್ಟಿಗೆ ಮುಚ್ಚಿ ಇಳಿಸಿದರು. ಡುಡ್ಡಾನ ಆಳುಗಳು ಏದುಸಿರು ಬಿಡುತ್ತ ಕಲ್ಲನ್ನು ಎಳೆದು ಕೂರಿಸಿದರು. ಅಂಚಿಗೆ ಸುಣ್ಣದ ಗಾರೆ ತುಂಬಿದರು. ಟೆಟ್ಟಾ ಅಳಲಿಲ್ಲ. ಯಾರಿಗಾಗಿ ಅಳುವುದೆಂದು ಅವಳಿಗೆ ತಿಳಿಯದಂತಾಗಿತ್ತು.

ಇನ್ನು ಉಳಿದದ್ದು ರೊಟ್ಟಿ ಹಂಚುವುದು. ಹೊರಬಾಗಿಲಲ್ಲಿ ಬಡವರು ಸಾಲುಗಟ್ಟಿದ್ದರು. ರೊಟ್ಟಿ ಇಸಕೊಂಡವರು ಸತ್ತವರ ಹೆಸರೆತ್ತಿ, ದೇವರು ಅವರನ್ನು ನೆನೆಯಲಿ ಎನ್ನಬೇಕು. ಬಡವರ ಬಾಯಿಂದ ಬಂದದ್ದು ಬೇಗ ಮುಟ್ಟುತ್ತದೆ ಎಂದು ಎಲ್ಲರೂ ನಂಬಿದ್ದರು.

ಟೆಟ್ಟಾ ಮೊದಲ ರೊಟ್ಟಿ ಎತ್ತಿಕೊಳ್ಳುವಾಗ ಹಿಂದಿನಿಂದ ಸೆರಗಿನಂಥ ಅವಳ ತಲೆವಸ್ತ್ರವನ್ನು ಯಾರೋ ಜಗ್ಗಿದರು.

"ಕಲ್ಲು ಮುಚ್ಚಿದ್ರಾ?" ಗ್ರೋವಾ ಕೇಳಿದಳು.

"ಮುಚ್ಚಿದ್ರು."

"ಗಟ್ಟಿಯಾಗಿ?"

"ಗಾಳಿ ಸಹ ಹೋಗಲ್ಲ ಅಜ್ಜಿ."

ಮುದುಕಿ ಟೆಟ್ಟಾಳ ಕಿವಿಗೆ ಬಾಯಿಟ್ಟಳು. ಅದು ಸಣ್ಣ ಹೆಸರು.

"ಯೋರುನ್," ಎಂದಳು ಟೆಟ್ಟಾ, ಮೊದಲು ತನಗೆ ತಾನೇ. ಆಮೇಲೆ ಸಾಲಿನ ಮುಂದಿದ್ದ ಕುಂಟನಿಗೆ: "ಯೋರುನ್ ಅನ್ನಪ್ಪ."

"ಮೊದಲು ರೊಟ್ಟಿ ಕೊಡಿ ತಾಯಿ. ಹೋದ ಸಲ ಹೆಸರು ಹೇಳಿಸ್ಕೊಂಡು ರೊಟ್ಟಿ ಮುಗೀತು ಅಂದ್ರು." ರೊಟ್ಟಿ ಕೈಗೆ ಬಂದ ಮೇಲೆ ಕೇಳಿದ, "ಎಡ್ಗಿವಾ ಅಲ್ವಾ?"

"ಅಲ್ಲ. ಯೋರುನ್."

"ಯೋರನು. ದೇವರು ಅವಳನ್ನ ನೆನೀಲಿ."

"ಯೂರುಣ," ಎಂದಳು ಮುಂದಿನವಳು, ಬಾಯಿ ತುಂಬ ರೊಟ್ಟಿ ತುಂಬಿಕೊಂಡು. ಒಬ್ಬ ಕುರುಡ 'ಓರುನ' ಎಂದ. ಯಾರಿಗೂ ಅದು ಸರಿಯಾಗಿ ಬರಲಿಲ್ಲ. ಟೆಟ್ಟಾ ತಿದ್ದುತ್ತ ತಿದ್ದುತ್ತ ಬಿಟ್ಟುಬಿಟ್ಟಳು. ಬುಟ್ಟಿ ಖಾಲಿಯಾಗುವ ಹೊತ್ತಿಗೆ ಕೆಳಗಿನ ದಾರಿಯುದ್ದಕ್ಕೂ ಅದೇ ಗುನುಗು ಹರಡಿತ್ತು. ಒಬ್ಬ ತಾಯಿ ಕಂಕುಳ ಮಗುವಿಗೂ ಹೇಳಿಕೊಡುತ್ತಿದ್ದಳು.

ಮಗು ಆ ಹೆಸರನ್ನು ಒಮ್ಮೆಗೇ ಸ್ಪಷ್ಟವಾಗಿ, ರಾಗ ಎಳೆದು, ಬೆಟ್ಟಕ್ಕೆಲ್ಲ ಕೇಳುವಂತೆ ಕೂಗಿತು.

ಮೆಟ್ಟಿಲಿಗೆ ಮರಳಿ ಕೂತಿದ್ದ ಗ್ರೋವಾ ಥಟ್ಟನೆ ಕತ್ತು ಹೊರಳಿಸಿ ಇಗರ್ಜಿಯ ಬಾಗಿಲ ಕಡೆ ನೋಡಿದಳು. ಆಮೇಲೆ ಲಂಗ ಒಟ್ಟುಮಾಡಿಕೊಂಡು, ಪಕ್ಕಕ್ಕೆ ಸರಿದು, ಒಬ್ಬರು ಕೂರುವಷ್ಟು ಜಾಗ ಬಿಟ್ಟಳು.